ವೆಂಟಿಲೇಟರ್ ರೋಗಿಯ ಬಾಯಿಯ ಆರೈಕೆ

ಬೆಳಿಗ್ಗೆ ಎದ್ದೊಡನೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ನಮಗೆ ಎಷ್ಟು ಸಹಜವೆಂದರೆ, ಅದನ್ನು ಚಿಕಿತ್ಸೆಯೆಂದು ನಾವು ಎಣಿಸುವುದೇ ಇಲ್ಲ. ಆದರೆ ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರಿನ ನೆರವಿನಿಂದ ಉಸಿರಾಡುತ್ತ ಮಂಪರಿನಲ್ಲಿ ಮಲಗಿರುವ ರೋಗಿಗೆ ಈ ಕೆಲಸವನ್ನು ಯಾರು ಮಾಡಬೇಕು? ಮಾಡದಿದ್ದರೆ ಏನಾಗುತ್ತದೆ? 2020-21ರ ಕೋವಿಡ್ ಹಾವಳಿಯಲ್ಲಿ ವೆಂಟಿಲೇಟರ್ ಎಂಬುದು ಮನೆಮಾತಾಯಿತು. ಯಂತ್ರ ಸಿಕ್ಕಿತೇ ಇಲ್ಲವೇ ಎಂಬುದೇ ಆಗ ಎಲ್ಲರ ಚಿಂತೆ. ಸಿಕ್ಕ ಮೇಲೆ ರೋಗಿಯ ಬಾಯಿ ಹೇಗಿದೆ ಎಂದು ವಿಚಾರಿಸಿದವರು ವಿರಳ.

ವೆಂಟಿಲೇಟರಿನ ಗಾಳಿಯನ್ನು ಶ್ವಾಸಕೋಶಕ್ಕೆ ತಲುಪಿಸಲು ಬಾಯಿಯ ಮೂಲಕ ಒಂದು ಪ್ಲಾಸ್ಟಿಕ್ ನಳಿಕೆಯನ್ನು ಧ್ವನಿತಂತುಗಳ ನಡುವೆ ತೂರಿಸಿ ಶ್ವಾಸನಾಳದಲ್ಲಿ ಇರಿಸುತ್ತಾರೆ. ನಳಿಕೆಯ ತುದಿಯ ಬಳಿ ಪುಟ್ಟ ಬಲೂನೊಂದು ಇರುತ್ತದೆ. ಅದನ್ನು ಉಬ್ಬಿಸಿದಾಗ ನಳಿಕೆಯ ಸುತ್ತಲಿನ ಜಾಗ ಮುಚ್ಚಿಕೊಳ್ಳುತ್ತದೆ. ಆಸ್ಪತ್ರೆಯ ಭಾಷೆಯಲ್ಲಿ ಇದರ ಹೆಸರು ‘ಕಫ್’. ನಮ್ಮ ಕಫಕ್ಕೂ ಇದಕ್ಕೂ ಹೆಸರಿನ ನಂಟಿಲ್ಲ, ಕೆಲಸದ ನಂಟು ಮಾತ್ರ ಉಂಟು! ಈ ಬಲೂನಿನ ಒತ್ತಡ ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಷ್ಟಿರಬೇಕು. ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಕಡಿಮೆಯಾದರೆ ಮೇಲಿನ ದ್ರವ ಒಳಗೆ ಜಾರುತ್ತದೆ. ಒತ್ತಡ ಸರಿಯಾಗಿದ್ದರೂ ಬಲೂನಿನ ಮೈಯಲ್ಲಿ ಬೀಳುವ ಸಣ್ಣ ಮಡಿಕೆಗಳ ಮೂಲಕ ಜೊಲ್ಲು ಹನಿಹನಿಯಾಗಿ ಕೆಳಗಿಳಿಯುತ್ತಲೇ ಇರುತ್ತದೆ. ಆರೋಗ್ಯವಂತನಾದರೆ ಕೆಮ್ಮಿ ಹೊರಹಾಕುತ್ತಿದ್ದ. ಮಂಪರಿನ ಔಷಧಿ ಪಡೆದವನಿಗೆ ಆ ಕೆಮ್ಮೂ ಇಲ್ಲ.

ಹಾಗೆ ಇಳಿಯುವ ಜೊಲ್ಲಿನಲ್ಲಿ ಏನಿರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ನಮ್ಮ ಬಾಯಿಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸ್ರವಿಸುತ್ತದೆ. ಅದರಲ್ಲಿರುವ ಲೈಸೋಜೈಮ್ ಎಂಬ ಕಿಣ್ವ ಮತ್ತು ಪ್ರತಿಕಾಯಗಳು ಸೂಕ್ಷ್ಮಜೀವಿಗಳನ್ನು ಹತೋಟಿಯಲ್ಲಿಡುತ್ತವೆ. ಬಾಯಿ ಸದಾ ತೆರೆದಿದ್ದು, ಜಗಿಯುವುದು ನುಂಗುವುದು ನಿಂತು, ಕೆಲವು ಔಷಧಿಗಳೂ ಸೇರಿಕೊಂಡರೆ ಬಾಯಿ ಒಣಗುತ್ತದೆ. ಜೊತೆಗೆ ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಬಾಯಿಯ ಒಳಪದರದ ಜೀವಕೋಶಗಳ ಮೇಲಿನ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನು ನಿರಪಾಯಕಾರಿ ಸ್ಟ್ರೆಪ್ಟೊಕಾಕಸ್‌ಗಳಿಗೆ ನೆಲೆಯಾಗಿರುತ್ತದೆ. ತೀವ್ರ ಕಾಯಿಲೆಯಲ್ಲಿ ಈ ಪ್ರೋಟೀನು ಕರಗಿಹೋಗಿ, ತೆರವಾದ ಜಾಗಕ್ಕೆ ಕ್ಲೆಬ್ಸಿಯೆಲ್ಲ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್‌ನಂತಹ ಬ್ಯಾಕ್ಟೀರಿಯಗಳು ಬಂದು ಕೂರುತ್ತವೆ. ಆಸ್ಪತ್ರೆಗೆ ದಾಖಲಾದವರ ಗಂಟಲಿನಲ್ಲಿ ಇಂತಹ ಪಲ್ಲಟವಾಗುವುದನ್ನು ಅಮೆರಿಕದ ಜೊಹಾನ್ಸನ್ ಮತ್ತು ಸಂಗಡಿಗರು 1969ರಲ್ಲೇ ತೋರಿಸಿದ್ದರು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈ ಜೀವಿಗಳು ಹಲವು ಪ್ರತಿಜೈವಿಕಗಳಿಗೆ ಜಗ್ಗದವು ಎಂಬುದು ಇನ್ನಷ್ಟು ಆತಂಕದ ಸಂಗತಿ. ನಳಿಕೆ ಹಾಕಿ 48 ಗಂಟೆಗಳ ನಂತರ ಕಾಣಿಸಿಕೊಳ್ಳುವ ನ್ಯುಮೋನಿಯಾವನ್ನು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎನ್ನುತ್ತಾರೆ. ಉಳಿಯಲೆಂದು ಯಂತ್ರಕ್ಕೆ ಜೋಡಿಸಿದವರನ್ನೇ ಅದು ಬಲಿ ತೆಗೆದುಕೊಳ್ಳುವುದುಂಟು.

ಬಾಯಿ ಶುಚಿಯಾಗಿಡಲು ಔಷಧಿ ಹಚ್ಚಿದರೆ ಸಾಕಲ್ಲವೇ ಎಂದು ಬಹಳ ಕಾಲ ನಂಬಲಾಗಿತ್ತು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಕ್ಲೋರ್‌ಹೆಕ್ಸಿಡಿನ್ ಎಂಬ ಪೂತಿನಾಶಕವನ್ನು ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಬಾಯಿಗೆ ಬಳಸಿದಾಗ ಉಸಿರಾಟದ ಸೋಂಕುಗಳು ಕಡಿಮೆಯಾದುವೆಂದು 1996ರಲ್ಲಿ ವರದಿಯಾಯಿತು. ಮುಂದೆ ಅದು ವೆಂಟಿಲೇಟರಿನ ಎಲ್ಲ ರೋಗಿಗಳಿಗೂ ಹಬ್ಬಿತು. ಆದರೆ 2014ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಹೃದಯ ಶಸ್ತ್ರಚಿಕಿತ್ಸೆಯವರನ್ನು ಬಿಟ್ಟು ಉಳಿದವರಲ್ಲಿ ಲಾಭ ಸ್ಪಷ್ಟವಾಗಲಿಲ್ಲ; ಸಾವು ತುಸು ಹೆಚ್ಚಿರಬಹುದೆಂಬ ಸುಳಿವೂ ಸಿಕ್ಕಿತು. ಔಷಧಿಯೇ ಶ್ವಾಸಕೋಶಕ್ಕೆ ಜಾರಿ ಹಾನಿ ಮಾಡಿರಬಹುದೇ? ಇದು ಊಹೆಯಷ್ಟೆ. 2021ರಲ್ಲಿ ಪ್ರಕಟವಾದ ಕೆನಡಾದ ಟೊರೊಂಟೊ ನಗರದ ಅಧ್ಯಯನದಲ್ಲಿ ಆರು ಘಟಕಗಳು ಕ್ಲೋರ್‌ಹೆಕ್ಸಿಡಿನ್ ಕೈಬಿಟ್ಟು ಕ್ರಮಬದ್ಧ ಬಾಯಿಯ ಆರೈಕೆಗೆ ತಿರುಗಿದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಾಗಲಿಲ್ಲ, ಬಾಯಿಯ ಸ್ಥಿತಿ ಮಾತ್ರ ಸುಧಾರಿಸಿತು. 2022ರಲ್ಲಿ ಅಮೆರಿಕದ ತಜ್ಞ ಸಂಸ್ಥೆಗಳ ಮಾರ್ಗಸೂಚಿಯು ಕ್ಲೋರ್‌ಹೆಕ್ಸಿಡಿನ್ ಇಲ್ಲದೆ ಹಲ್ಲುಜ್ಜುವುದನ್ನೇ ಅಗತ್ಯ ಕ್ರಮವೆಂದು ಹೇಳಿತು. ಹಲ್ಲುಜ್ಜುವ ಕುರಿತ 15 ಪ್ರಯೋಗಗಳ ವಿಶ್ಲೇಷಣೆಯೊಂದು 2023ರ ಕೊನೆಯಲ್ಲಿ ಹೊರಬಂತು. ಅದರಂತೆ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾ ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ. ಹೆಚ್ಚಿನ ಲಾಭ ವೆಂಟಿಲೇಟರ್ ರೋಗಿಗಳಿಗೇ. ದಿನಕ್ಕೆ ಎರಡು ಬಾರಿ ಉಜ್ಜಿದರೂ, ಅದಕ್ಕಿಂತ ಹೆಚ್ಚು ಬಾರಿ ಉಜ್ಜಿದರೂ ಫಲ ಒಂದೇ. ಯಾರಿಗೆ ಬ್ರಷ್ ಬಳಸಲಾಗಿದೆ ಎಂಬುದನ್ನು ಆರೈಕೆ ಮಾಡುವವರಿಂದ ಮರೆಮಾಚಿ ಇಂತಹ ಪ್ರಯೋಗ ನಡೆಸಲಾಗದು, ಆದ್ದರಿಂದ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದಲೇ ನೋಡಬೇಕು. ಆದರೂ ಎರಡು ಬಾರಿಯ ಹಲ್ಲುಜ್ಜುವಿಕೆಗೆ ತಗಲುವ ಖರ್ಚನ್ನು ನೆನೆದರೆ ಕಾಯುವುದಕ್ಕೆ ಕಾರಣ ಕಾಣುವುದಿಲ್ಲ.

ಬ್ರಷ್ ಗೆಲ್ಲುವುದು ಏಕೆ? ಹಲ್ಲಿನ ಮೇಲಿನ ಪಾಚಿಯಲ್ಲಿ ಬ್ಯಾಕ್ಟೀರಿಯಗಳು ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿರುತ್ತವೆ. ಕೆರೆಯ ಮೆಟ್ಟಿಲಿಗೆ ಹಿಡಿದ ಪಾಚಿಯ ಮೇಲೆ ಏನು ಸುರಿದರೂ ಮೇಲ್ಪದರವಷ್ಟೇ ನೆನೆಯುತ್ತದೆ. ತೆಂಗಿನ ನಾರು ಹಿಡಿದು ತಿಕ್ಕಬೇಕು. ಇಲ್ಲಿಯೂ ಹಾಗೆಯೇ.

ಕೆಲಸ ಸುಲಭವೆಂದು ಮಾತ್ರ ತಿಳಿಯಬಾರದು. ರೋಗಿಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಕಫ್‌ನ ಒತ್ತಡ ನೋಡಿ, ಗಂಟಲಲ್ಲಿ ನಿಂತ ದ್ರವವನ್ನು ಮೊದಲು ಹೀರಿ ತೆಗೆಯಬೇಕು. ನಳಿಕೆ ಕದಲಿದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಒಬ್ಬರು ಅದನ್ನು ಹಿಡಿದುಕೊಂಡು ಇನ್ನೊಬ್ಬರು ಉಜ್ಜುವುದು ಲೇಸು. ಮಕ್ಕಳ ಮೆದುವಾದ ಸಣ್ಣ ಬ್ರಷ್ ಸಾಕು. ಹಲ್ಲು, ಒಸಡು, ನಾಲಿಗೆ ಎಲ್ಲವನ್ನೂ ಉಜ್ಜುತ್ತ, ಸಡಿಲವಾದದ್ದನ್ನು ಆಗಿಂದಾಗ್ಗೆ ಹೀರುತ್ತಿರಬೇಕು. ಹೀರದೆ ಉಜ್ಜಿದರೆ ಕೊಳೆಯನ್ನು ಕೆಳಗೆ ತಳ್ಳಿದಂತಾಗುತ್ತದೆ. ನಲ್ಲಿ ನೀರಿನ ಬದಲು ಸೂಕ್ಷ್ಮಜೀವಿರಹಿತ ನೀರು ಬಳಸಬೇಕು. ನಳಿಕೆ ಒಂದೇ ಕಡೆ ಒತ್ತಿ ತುಟಿಯಲ್ಲಿ ಹುಣ್ಣಾಗದಂತೆ ಅದನ್ನು ಬಾಯಿಯ ಇನ್ನೊಂದು ಬದಿಗೆ ಸರಿಸುವುದೂ ಈ ಆರೈಕೆಯ ಭಾಗ. ರಕ್ತಸ್ರಾವದ ಭಯವಿರುವವರಿಗೆ ಬ್ರಷ್ ಬದಲು ಸ್ಪಂಜಿನ ಕಡ್ಡಿ. ಹಿಂದೆ ಬಳಕೆಯಲ್ಲಿದ್ದ ನಿಂಬೆ-ಗ್ಲಿಸರಿನ್ ಹತ್ತಿ ಬಾಯಿಯನ್ನು ಇನ್ನಷ್ಟು ಒಣಗಿಸಿ ಹಲ್ಲಿನ ಎನಾಮಲ್ಲನ್ನು ಸವೆಸುತ್ತದೆ. ಅದನ್ನು ಬಿಡುವುದೇ ಒಳ್ಳೆಯದು. ಇಷ್ಟಕ್ಕೂ ಇಬ್ಬರು ಶುಶ್ರೂಷಕಿಯರು ಕೆಲವು ನಿಮಿಷ ಬಿಡುವಾಗಿರಬೇಕು. ಒಬ್ಬಾಕೆ ಹಲವು ಹಾಸಿಗೆ ನೋಡಿಕೊಳ್ಳುವ ಕಡೆ ಮೊದಲು ಮುಂದಕ್ಕೆ ಹೋಗುವುದೇ ಈ ಕೆಲಸ.

ಮನೆಯವರಿಂದಲೂ ನೆರವಾಗುತ್ತದೆ. ರೋಗಿಗೆ ಕಟ್ಟಿಸಿದ ಹಲ್ಲಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಕೇಳುವ ಮೊದಲೇ ತಿಳಿಸಬೇಕು. ಅಲ್ಲಾಡುವ ಹಲ್ಲು ಶ್ವಾಸನಾಳಕ್ಕೆ ಬೀಳಬಹುದು. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವನ್ನೂ ಮುಚ್ಚಿಡಬಾರದು. ಇನ್ನೊಂದು ಮಾತು. ಪ್ರೀತಿಯಿಂದ ತಂದ ತೀರ್ಥವನ್ನು ಬಾಯಿಗೆ ಬಿಡುವವರಿದ್ದಾರೆ. ಆ ಹನಿ ಹೊಟ್ಟೆಗೆ ಹೋಗುವುದಿಲ್ಲ, ಕಫ್‌ನ ಮೇಲೆ ನಿಲ್ಲುತ್ತದೆ. ಶುಶ್ರೂಷಕಿಯನ್ನು ಕೇಳಿ ಹಣೆಗೆ ಒಂದಿಷ್ಟು ಹಚ್ಚಬಹುದು. ನಳಿಕೆ ತೆಗೆದ ದಿನ ರೋಗಿ ಮೊದಲು ಕೇಳುವುದು ಸಾಮಾನ್ಯವಾಗಿ ನೀರನ್ನೇ. ದಿನಗಟ್ಟಲೆ ನಳಿಕೆಯಿದ್ದ ಗಂಟಲು ನುಂಗುವುದನ್ನು ಮತ್ತೆ ಕಲಿಯಬೇಕು. ಅದನ್ನು ಪರೀಕ್ಷಿಸುವವರೆಗೆ ತುಟಿ, ನಾಲಿಗೆಗಳನ್ನು ಒದ್ದೆ ಮಾಡಬಹುದಷ್ಟೆ. ಬ್ರಷ್ ಮಾತ್ರ ಅಂದು ಸಂಜೆಯೂ ಬೇಕು.