ವರದಿ ಜೊತೆಗಿದ್ದರೆ ಸಾಕೇ?

ವಾಷಿಂಗ್ಟನ್ನಿಗೆ ಹತ್ತಿರದ ಮೇರಿಲ್ಯಾಂಡ್‌ನಲ್ಲಿ, ಚೆಸಪೀಕ್ ಕೊಲ್ಲಿಯ ದಡದಲ್ಲಿ, ಕ್ಯಾಲ್ವರ್ಟ್ ಕ್ಲಿಫ್ಸ್ ಅಣುಸ್ಥಾವರ ಇದೆ. ಅದನ್ನು ಕಟ್ಟುವಾಗ ಎದ್ದ ಪ್ರಶ್ನೆ: ಅದರ ಬಿಸಿನೀರು ಕೊಲ್ಲಿಗೆ ಸೇರಿದರೆ ಜಲಚರಗಳ ಗತಿ ಏನು?

1970ರಲ್ಲೇ ರಾಷ್ಟ್ರೀಯ ಪರಿಸರ ನೀತಿ ಕಾಯಿದೆ ಬಂದಿತ್ತು. ಆದರೆ ಅಣುಶಕ್ತಿ ಆಯೋಗದ ನಿಯಮ ನೋಡಿ: ಪರಿಸರ ವರದಿ ಅರ್ಜಿಯ ಜೊತೆ ಇರಬೇಕು, ಸರಿ, ಯಾರೂ ತಕರಾರು ಎತ್ತದಿದ್ದರೆ ವಿಚಾರಣಾ ಮಂಡಳಿ ಅದನ್ನು ಪರಿಗಣಿಸಬೇಕಾಗಿಲ್ಲ! ಅಂದ್ರೆ ವರದಿ ಬರೀ ಹೊರೆ ಕಾಗದ. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 1971ರ ಜುಲೈನಲ್ಲಿ, ಯಾರೂ ಕೇಳದಿದ್ದರೂ ಮಂಡಳಿ ತಾನಾಗಿಯೇ ಪರಿಸರ ಹಾನಿಯನ್ನು ತೂಗಿ ನೋಡಬೇಕು ಎಂದಿತು. ಆಯೋಗ ನಿಯಮ ಬದಲಿಸಿತು.

ಸ್ಥಾವರವೇನೂ ನಿಲ್ಲಲಿಲ್ಲ, 1975ರಲ್ಲಿ ವಿದ್ಯುತ್ ಕೊಡತೊಡಗಿತು. ಆದರೆ ಅಣುವಿದ್ಯುತ್ತನ್ನು ಬೆಳೆಸುವುದೂ ಅದರ ಮೇಲೆ ಕಣ್ಣಿಡುವುದೂ ಎರಡೂ ತನ್ನದೇ ಆಗಿದ್ದ ಆ ಆಯೋಗವನ್ನು 1974ರ ಕಾಯಿದೆ ಒಡೆದುಹಾಕಿತು. 1975ರ ಜನವರಿಯಿಂದ ಕಾವಲಿನ ಕೆಲಸ ಅಣು ನಿಯಂತ್ರಣ ಆಯೋಗದ್ದು.