ನಡುವಯಸ್ಸಿನಲ್ಲಿ ಮನೋತಪಾಸಣೆ: ವರ್ತಕರು ಅಂಜಬೇಕಾಗಿಲ್ಲ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಒಂದು ಓರೆ ಬಂಡೆಯಿದೆ. ಜಾತ್ರೆಯ ದಿನಗಳಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರರ ಗುಂಡು ಎಂದು ಹೆಸರಾಯಿತು. 1892ರಲ್ಲಿ ಬಿ.ಎಲ್. ರೈಸ್ ಅವರು ಈ ಸೀಮೆಯ ಮೂರು ಅಶೋಕ ಶಾಸನಗಳನ್ನು ಬೆಳಕಿಗೆ ತಂದಾಗ ಅವುಗಳಲ್ಲೊಂದು ಈ ಬಂಡೆಯ ಮೇಲೆಯೇ ಇದ್ದಿತು. ಅಷ್ಟು ಹೊತ್ತಿಗೆ ಅಕ್ಷರಗಳು ಬಹಳ ಸವೆದಿದ್ದವು. ತಲೆತಲಾಂತರದಿಂದ ವ್ಯಾಪಾರ ನಡೆದ ಜಾಗದಲ್ಲಿ, ಕಾಲ ಕೆಳಗಿನ ಬರಹ ಓದುವವರಿಲ್ಲದೆ ಉಳಿದಿತ್ತು.

ಈ ಸೀಮೆಯ ಮಂಡಿ, ಗಿರಣಿ, ಮಗ್ಗಗಳಲ್ಲಿ ದುಡಿಯುವ ಕೆಲವರ ಸ್ಥಿತಿಯೂ ಇದಕ್ಕೆ ದೂರವಲ್ಲ. ಉದಾಹರಣೆಗೆ, ಚಳ್ಳಕೆರೆಯ ಎಣ್ಣೆಗಿರಣಿಯ ಮಾಲೀಕರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಹಿಡಿ ಶೇಂಗಾ ಕೈಗೆತ್ತಿಕೊಂಡರೆ ಎಣ್ಣೆಯ ಇಳುವರಿಯನ್ನು ಅಂದಾಜು ಹೇಳಬಲ್ಲ ಈ ಜಾಣರು, ಜಿ.ಎಸ್.ಟಿ. ವಿವರಪಟ್ಟಿಯನ್ನು ಮಾತ್ರ ಒಮ್ಮೆಯೂ ಸಕಾಲಕ್ಕೆ ಸಲ್ಲಿಸಲಾರದೆ ದಂಡ ತೆರುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರೊಬ್ಬರ ಅಂಚಿನಲ್ಲಿ ಒಂದು ಎಳೆಯೂ ತಪ್ಪದು. ಆದರೆ ಗಿರಾಕಿಯ ಮುಖ ನೋಡಿ ನಾಲ್ಕು ಮಾತನಾಡುವುದು ಅವರಿಗೆ ಶಿಕ್ಷೆ. ಮಂಡಿಯ ಗುಮಾಸ್ತರೊಬ್ಬರು ಬಾಯಿಲೆಕ್ಕದಲ್ಲಿ ಚತುರರಾಗಿದ್ದೂ ಕಿರ್ದಿಯಲ್ಲಿ 48ಕ್ಕೆ 84 ಬರೆಯುತ್ತಾರೆ. ಊರು ಇವರನ್ನು ಕ್ರಮವಾಗಿ ಸೋಮಾರಿ, ಜಂಬಗಾರ, ಬೇಜವಾಬ್ದಾರಿ ಎಂದು ಕರೆದು ಸುಮ್ಮನಾಗುತ್ತದೆ.

ಇಂಥವರ ಪೈಕಿ ಕೆಲವರ ಮಿದುಳು ಬಾಲ್ಯದಿಂದಲೇ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಗಮನವನ್ನು ಬೇಕಾದೆಡೆ ನಿಲ್ಲಿಸಲಾಗದ ಎ.ಡಿ.ಎಚ್.ಡಿ., ಜನರೊಡನೆ ಬೆರೆಯುವ ಮತ್ತು ಸದ್ದುಗದ್ದಲ ಸಹಿಸುವ ಬಗೆಯಲ್ಲಿ ಭಿನ್ನತೆ ತೋರುವ ಆಟಿಸಂ, ಓದುಬರಹಗಳಲ್ಲಿ ತೊಡಕುಂಟುಮಾಡುವ ಡಿಸ್ಲೆಕ್ಸಿಯಾ ಮೊದಲಾದವುಗಳನ್ನು ಒಟ್ಟಾಗಿ ನರವೈವಿಧ್ಯವೆಂದು ಕರೆಯುವ ರೂಢಿ ಬಂದಿದೆ. ತಡವಾಗಿ ಲೆಕ್ಕ ಸಲ್ಲಿಸುವವರೆಲ್ಲರೂ ಈ ಗುಂಪಿಗೆ ಸೇರಿದವರಲ್ಲ. ಹಾಗಿದ್ದಲ್ಲಿ ಯಾವ ವಾಣಿಜ್ಯ ಸಂಸ್ಥೆಯ ಸದಸ್ಯರ ಪಟ್ಟಿಯೂ ಉಳಿಯಲಾರದು. ಬಾಲ್ಯದಿಂದಲೂ, ಮನೆಯಲ್ಲಿಯೂ ಹೊರಗೂ ಅದೇ ತೊಡಕು ಕಾಡುತ್ತಿದ್ದರೆ ಮಾತ್ರ ತಪಾಸಣೆಯ ಪ್ರಶ್ನೆ ಏಳುತ್ತದೆ.

ಇಷ್ಟು ವರ್ಷ ಇದು ಏಕೆ ತಿಳಿಯಲಿಲ್ಲವೆಂದರೆ, ವೈದ್ಯಶಾಸ್ತ್ರವೇ ತಡವಾಗಿ ಕಣ್ತೆರೆಯಿತು. ಲಿಯೊ ಕ್ಯಾನರ್ ಆಟಿಸಂ ಕುರಿತು ಬರೆದದ್ದು 1943ರಲ್ಲಿ. ಮಾತು, ಬುದ್ಧಿಗಳಲ್ಲಿ ಕೊರತೆಯಿಲ್ಲದವರಲ್ಲಿಯೂ ಅದರ ಲಕ್ಷಣಗಳಿರಬಹುದೆಂಬುದಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ಥಾನ ದೊರೆತದ್ದು 1994ರಲ್ಲಿ. ವಯಸ್ಕರಿಗೆ ಎ.ಡಿ.ಎಚ್.ಡಿ. ಗುರುತಿಸಲು ಆರರ ಬದಲು ಐದು ಲಕ್ಷಣಗಳು ಸಾಕೆಂದು ಅದೇ ಕೈಪಿಡಿ ಹೇಳಿದ್ದು 2013ರಲ್ಲಿ. 1980ರ ದಶಕದಲ್ಲಿ ತಾಲ್ಲೂಕು ಶಾಲೆಯ ಬೆಂಚಿನ ಮೇಲೆ ನಿಂತು ಶಿಕ್ಷೆ ಅನುಭವಿಸಿದ ಹುಡುಗನಿಗೆ ಇವಾವುವೂ ಒದಗಲಿಲ್ಲ. ಮಗನನ್ನೋ ಮಗಳನ್ನೋ ತಪಾಸಣೆಗೆ ಕರೆದೊಯ್ದಾಗ ವೈದ್ಯರು ಕೇಳುವ ಪ್ರಶ್ನೆಗಳು ತಮ್ಮ ಬಾಲ್ಯವನ್ನೇ ಕುರಿತಿರುವಂತೆ ತಂದೆಗೆ ತೋರುವುದೂ ಉಂಟು.

ಆದರೂ ವರ್ತಕರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಇದಕ್ಕೆ ಕಾರಣ ಸಂಕೋಚವೊಂದೇ ಅಲ್ಲ. ಮನೋವೈದ್ಯರ ಚೀಟಿ ಹೊರಬಿದ್ದರೆ ಬ್ಯಾಂಕು ಸಾಲ ನಿಲ್ಲಿಸೀತು, ಪಾಲುದಾರರು ಪತ್ರ ಮುರಿದಾರು, ದಾಯಾದಿಗಳು ಆಸ್ತಿಯ ಮೇಲೆ ಕಣ್ಣಿಟ್ಟಾರು ಎಂಬುದೇ ನಿಜವಾದ ಭಯ. ಸ್ವಸ್ಥಚಿತ್ತವಿಲ್ಲದವನು ಮಾಡಿದ ಕರಾರು ಊರ್ಜಿತವಲ್ಲವೆಂದು ಕರಾರು ಕಾಯಿದೆ ಹೇಳುವುದರಿಂದ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರವೂ ಕಾನೂನಿನಲ್ಲಿಯೇ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 3ನೆಯ ಪ್ರಕರಣದಂತೆ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ವೈದ್ಯರು ಮನೋರೋಗವನ್ನು ಗುರುತಿಸಿದ ಮಾತ್ರಕ್ಕೆ ಯಾರನ್ನೂ ಚಿತ್ತಸ್ವಾಸ್ಥ್ಯವಿಲ್ಲದವರೆಂದು ಭಾವಿಸುವಂತಿಲ್ಲ. 23ನೆಯ ಪ್ರಕರಣ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ನೀಡುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ತನ್ನ 13ನೆಯ ಪ್ರಕರಣದಲ್ಲಿ ಆಸ್ತಿ ಹೊಂದುವ, ಹಣಕಾಸಿನ ವ್ಯವಹಾರ ನಡೆಸುವ, ಬ್ಯಾಂಕ್ ಸಾಲ ಪಡೆಯುವ ಹಕ್ಕುಗಳು ಇತರರಿಗೆ ಸಮನಾಗಿವೆಯೆಂದು ಸ್ಪಷ್ಟಪಡಿಸಿದೆ.

ಈ ಎರಡನೆಯ ಅಧಿನಿಯಮ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ, ಎ.ಡಿ.ಎಚ್.ಡಿ. ಹೆಸರಿಲ್ಲ. ಆದ್ದರಿಂದ ಪ್ರಮಾಣಪತ್ರಕ್ಕಾಗಿ ಹೊರಟವರು ಮತ್ತು ಕೇವಲ ತಮ್ಮನ್ನು ಅರಿಯಲು ಹೊರಟವರು ಹಿಡಿಯಬೇಕಾದ ದಾರಿಗಳು ಒಂದೇ ಅಲ್ಲ. ನಲವತ್ತು ದಾಟಿದ ವರ್ತಕರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಎರಡನೆಯದೇ.

ಎಲ್ಲಿಗೆ ಹೋಗಬೇಕು? ಮೊದಲ ವಿಚಾರಣೆಗೆ ಊರು ಬಿಡಬೇಕಾಗಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಚಳ್ಳಕೆರೆಯವರಿಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಹತ್ತಿರ. ಮೊಳಕಾಲ್ಮೂರಿನವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮೂಲೆಗೂ ಒಯ್ಯಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಪ್ರಯೋಗಿಸಿ ನೋಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಇಷ್ಟಿದ್ದರೂ ವಯಸ್ಕರ ಆಟಿಸಂ, ಎ.ಡಿ.ಎಚ್.ಡಿ.ಗಳ ವಿವರವಾದ ಮೌಲ್ಯಮಾಪನಕ್ಕೆ ಹಲವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾದೀತು. ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲವಾದ್ದರಿಂದ ಸುಗ್ಗಿಯ ಶೇಂಗಾ ಆವಕದ ತಿಂಗಳುಗಳನ್ನು ಬಿಟ್ಟು ಹೊರಡುವುದು ಲೇಸು.

ರಕ್ತಪರೀಕ್ಷೆಯಿಂದಾಗಲಿ, ಸ್ಕ್ಯಾನ್‌ನಿಂದಾಗಲಿ ಇವು ಪತ್ತೆಯಾಗುವುದಿಲ್ಲ. ವೈದ್ಯರು ಹಳೆಯ ಖಾತೆ ಕೇಳುತ್ತಾರೆ. ಎ.ಡಿ.ಎಚ್.ಡಿ. ಎನ್ನಬೇಕಾದರೆ ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಂಡಿರಬೇಕು. ಆಟಿಸಂ ಆದರೆ ಇನ್ನೂ ಹಿಂದೆ ಹೋಗಬೇಕು. ಶಾಲೆಯ ಅಂಕಪಟ್ಟಿ, ಬಾಲ್ಯದ ನೋಟ್‌ಪುಸ್ತಕಗಳೇನಾದರೂ ಉಳಿದಿದ್ದರೆ ಜೊತೆಗೆ ಕೊಂಡೊಯ್ಯಬೇಕು. ಅದಕ್ಕಿಂತ ಮುಖ್ಯವಾಗಿ, ಆಗ ಕಂಡವರು ಒಬ್ಬರು ಬೇಕು. ಮಾತು ಯಾವಾಗ ಬಂತು, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ, ಅಂಗಡಿಗೆ ಕಳುಹಿಸಿದರೆ ಯಾವುದನ್ನು ಮರೆತು ಬರುತ್ತಿದ್ದ ಎಂಬುದನ್ನು ತಾಯಿಯೋ ಅಕ್ಕನೋ ಹೇಳಬಲ್ಲರು. ಎಪ್ಪತ್ತೈದು ದಾಟಿದ ತಾಯಿಯುಳ್ಳವರು ತಪಾಸಣೆಯನ್ನು ಮುಂದಿನ ವರ್ಷಕ್ಕೆ ದೂಡುವುದು ಸರಿಯಲ್ಲ. ತಾಯಿ ಬೆಂಗಳೂರಿಗೆ ಪ್ರಯಾಣ ಮಾಡಲಾರರಾದರೆ ಅವರ ನೆನಪುಗಳನ್ನು ಮನೆಯಲ್ಲಿಯೇ ಬರೆದುಕೊಳ್ಳಬಹುದು.

ಹೆಸರು ತಿಳಿದ ಬಳಿಕ ಏನು? ಆಟಿಸಂಗಾಗಲಿ, ಡಿಸ್ಲೆಕ್ಸಿಯಾಕ್ಕಾಗಲಿ ಗುಳಿಗೆಯಿಲ್ಲ. ಎ.ಡಿ.ಎಚ್.ಡಿ.ಗೆ ಔಷಧಗಳಿವೆ, ಅವುಗಳಲ್ಲಿ ಮುಖ್ಯವಾದ ಮೀಥೈಲ್‌ಫೆನಿಡೇಟ್ ನಿಯಂತ್ರಿತ ವಸ್ತುವಾದುದರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯದು. ಉಳಿದದ್ದು ಕೆಲಸದ ಏರ್ಪಾಡಿಗೆ ಸಂಬಂಧಿಸಿದ್ದು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ವಿಕಲಚೇತನ ನೌಕರರಿಗೆ ಒದಗಿಸುವ ಸೌಕರ್ಯಗಳನ್ನು ತಮ್ಮ ಸಮಾನ ಅವಕಾಶ ನೀತಿಯಲ್ಲಿ ನಮೂದಿಸಬೇಕೆಂದು 2017ರ ನಿಯಮಗಳು ಹೇಳುತ್ತವೆ. ನಾಲ್ಕು ಜನರ ಅಂಗಡಿಗೆ ನೀತಿಪತ್ರ ಬೇಕಾಗದು. ನೇಕಾರರ ಪರವಾಗಿ ಗಿರಾಕಿಯೊಡನೆ ಮಾತನಾಡಲು ಮನೆಯವರೊಬ್ಬರು ಇದ್ದರೆ ಸಾಕು. ಗುಮಾಸ್ತರು ಬರೆದ ಅಂಕಿಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಬಹುದು. ಗಿರಣಿಯ ಮಾಲೀಕರಿಗಾದರೆ, ಕೊನೆಯ ದಿನಕ್ಕೆ ಐದು ದಿನ ಮೊದಲೇ ಲೆಕ್ಕಿಗರು ಗಿರಣಿಗೆ ಬಂದು, ಪಕ್ಕದಲ್ಲಿ ಕುಳಿತು ವಿವರಪಟ್ಟಿ ಮುಗಿಸಿಕೊಂಡು ಹೋಗುವ ಏರ್ಪಾಡು ಮಾಡಬಹುದು. ಅವರ ಓಡಾಟದ ಖರ್ಚನ್ನು ಈವರೆಗೆ ತೆತ್ತ ದಂಡದೊಡನೆ ಹೋಲಿಸಿ ನೋಡುವುದು ವರ್ತಕರಿಗೆ ಕಷ್ಟವಲ್ಲ.