ಎರಡೂಕಾಲು ಕೋಟಿಯ ಮೊಣಕಾಲು

2022ರ ಅಕ್ಟೋಬರ್ 8, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ತಮಿಳ್ ತಲೈವಾಸ್ ಪರ ಮೊದಲ ಪಂದ್ಯ ಆಡುತ್ತಿದ್ದ ಪವನ್ ಸೆಹ್ರಾವತ್, ಎದುರಾಳಿಯನ್ನು ಹಿಡಿಯಲು ಹೋಗಿ ಮೊಣಕಾಲು ಹಿಡಿದುಕೊಂಡು ಕುಸಿದರು. ಅವರ ಆ ವರ್ಷದ ಪ್ರೊ ಕಬಡ್ಡಿ ಅಲ್ಲಿಗೆ ಮುಗಿಯಿತು.

ಹರಾಜಿನಲ್ಲಿ ಅವರ ಬೆಲೆ 2 ಕೋಟಿ 26 ಲಕ್ಷ. ತಂಡವೊಂದು ಖರ್ಚು ಮಾಡಬಹುದಾಗಿದ್ದುದೇ 4.4 ಕೋಟಿ! ಅರ್ಧಕ್ಕಿಂತ ಹೆಚ್ಚು ದುಡ್ಡು ಬೆಂಚಿನ ಮೇಲೆ ಕುಳಿತರೂ ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು. ಹೊಸ ಹುಡುಗ ನರೇಂದರ್ ರೇಡಿಂಗ್‌ನ ಹೊರೆ ಹೊತ್ತ.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ, ಹರವೆಯಂಥ ಊರಲ್ಲಿ ಹಬ್ಬಕ್ಕೆ ಕಬಡ್ಡಿ ಇಟ್ಟರೆ ಕೇಳಿಬರುವ ಮಾತು: ‘ಹೊರಗಿಂದ ಒಬ್ಬ ರೇಡರ್ ಸಿಕ್ಬುಟ್ರೆ ಕಪ್ಪು ನಮ್ದೇ ಕಣಪ್ಪ.’ ಕೋಟಿ ಸುರಿಯುವ ಮಾಲೀಕರ ಲೆಕ್ಕವೂ ಹೆಚ್ಚೂಕಡಿಮೆ ಇದೇ.

ಆದರೆ ಕಬಡ್ಡಿಯ ನಿಯಮ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ರೇಡರ್ ಸಿಕ್ಕಿಬಿದ್ದರೆ ಹೊರಗೆ. ಜೊತೆಯವರು ಎದುರಾಳಿಯನ್ನು ಔಟ್ ಮಾಡಿದಾಗಲೇ ಮತ್ತೆ ಜೀವ, ಅದೂ ಸರತಿಯಂತೆ. ಎರಡು ಕೋಟಿಯವನು ಎಷ್ಟು ಹೊತ್ತು ಅಂಕಣದಲ್ಲಿರಬೇಕು ಎಂಬುದನ್ನು ತೀರ್ಮಾನಿಸುವವನು, ಕೆಲವೇ ಲಕ್ಷಕ್ಕೆ ಬಂದು ಮೂಲೆಯಲ್ಲಿ ಎದುರಾಳಿಯ ಹಿಮ್ಮಡಿಗೆ ಹೊಂಚು ಹಾಕಿ ನಿಂತವನು. ಅವನಿಗೆ ಕೊಡಲು ದುಡ್ಡು ಉಳಿಯದಿದ್ದರೆ?

ಮರುವರ್ಷ ತೆಲುಗು ಟೈಟಾನ್ಸ್ ಇದೇ ಪವನ್‌ಗೆ 2.6 ಕೋಟಿ ಕೊಟ್ಟಿತು. ಪವನ್ ಅಂಕ ಗಳಿಸುತ್ತಲೇ ಇದ್ದರು. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ಬೆಂಗಳೂರು ಬುಲ್ಸ್‌ಗೆ 2019ರ ಜನವರಿಯಲ್ಲಿ ಕಪ್ ತಂದ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದಿದ್ದವರೂ ಇವರೇ. ಆಗ ಅವರ ಬೆಲೆ ಕೋಟಿ ಮುಟ್ಟಿರಲಿಲ್ಲ.

ದುಬಾರಿ ಆಟಗಾರನೆಂದರೆ ಸೋಲು ಎಂದೇನೂ ಅಲ್ಲ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟು ಚಾಂಪಿಯನ್ ಆಯಿತು. ಮುಂದಿನ ಸೀಸನ್‌ನಲ್ಲಿ ಅವರನ್ನು 2.07 ಕೋಟಿಗೆ ಕೊಂಡ ಹರಿಯಾಣ ಸ್ಟೀಲರ್ಸ್ ಕೂಡ 2024ರ ಡಿಸೆಂಬರ್‌ನಲ್ಲಿ ಕಪ್ ಎತ್ತಿತು. ಪುಣೆಯಲ್ಲಿ ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್‌ರಂಥ ಹುಡುಗರು ಮೊದಲೇ ಪಳಗಿದ್ದರು ಎಂಬುದನ್ನು ಮರೆಯುವಂತಿಲ್ಲ. ಇನ್ನೊಂದು ಸಂಗತಿ: ಶಾದ್ಲೂಯಿ ಮೂಲತಃ ಎಡ ಮೂಲೆಯ ಹಿಡಿತಗಾರ. ಅವರು ಒಬ್ಬನನ್ನು ಕೆಡವಿದಾಗಲೆಲ್ಲ ಬೆಂಚಿನಲ್ಲಿರುವ ತಮ್ಮ ಕಡೆಯವನೊಬ್ಬ ಎದ್ದು ಒಳಗೆ ಬರುತ್ತಾನೆ.

ಅದೇ 2024ರಲ್ಲಿ ಬುಲ್ಸ್ 70 ಲಕ್ಷ ಕೊಟ್ಟು ತಂದದ್ದು ಲೀಗ್‌ನಲ್ಲೇ ಅತಿ ಹೆಚ್ಚು ರೇಡ್ ಅಂಕಗಳ ಒಡೆಯ ಪರ್ದೀಪ್ ನರ್ವಾಲ್‌ರನ್ನು. ತಂಡ ಆಡಿದ್ದು 22 ಪಂದ್ಯ, ಗೆದ್ದದ್ದು ಎರಡು.